ಒಂದೇ ತೋಡಿಗೆ ಮೂರು ಮಿತಿ ಯಾಕೆ?

ಓದುಗರ ಪ್ರಶ್ನೆ: ನಾನು ಮಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ನಮ್ಮಲ್ಲಿ 64 ಮನೆಗಳಿವೆ. ನಮ್ಮ ಎಸ್‌ಟಿಪಿಯಿಂದ (ಕೊಳಚೆ ಶುದ್ಧೀಕರಣ ಘಟಕ) ಹೊರಬರುವ ನೀರಿನ ಬಿಒಡಿ (ಕೊಳೆಯ ಒಂದು ಅಳತೆ) 10 ಮೀರಬಾರದು ಅಂತ ಅನುಮತಿ ಪತ್ರದಲ್ಲಿದೆ. ಕಳೆದ ತಿಂಗಳು ಪರೀಕ್ಷೆಯಲ್ಲಿ 17 ಬಂತು, ಹಿಂದೆಯೇ ನೋಟಿಸ್ ಬಂತು. ನಾವು ನೀರು ಬಿಡುವ ತೋಡಿಗೇ ಬಿಡುವ ಪಕ್ಕದ ಹಳೇ ಕಟ್ಟಡಕ್ಕೆ ಮಿತಿ 30. ಅದೇ ತೋಡಿನ ಮೇಲ್ಗಡೆ ಒಂದು ವೆಟ್‌ವೆಲ್ (ಒಳಚರಂಡಿಯ ಕೊಳಚೆ ಕೂಡಿಸಿ ಪಂಪ್ ಮಾಡುವ ಗುಂಡಿ) ಇದೆ, ಮಳೆ ಜೋರಾದರೆ ಉಕ್ಕಿ ಹರಿಯುತ್ತದೆ. ಅದನ್ನು ಕೇಳುವವರೇ ಇಲ್ಲ. ತೋಡಿನ ಬದಿಯ ಮನೆಗಳ ಬಾವಿ ನೀರು ವಾಸನೆ ಹೊಡೆಯುತ್ತಿದೆ. ಎಲ್ಲರಿಗೂ ಒಂದೇ ನಿಯಮ ಮಾಡಲು ಆಗುವುದಿಲ್ವಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಎಲ್ಲರಿಗೂ ಒಂದೇ ಸಂಖ್ಯೆ ಕೊಟ್ಟರೆ ತೋಡು ಸರಿಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಜಾಗಕ್ಕೆ ತಕ್ಕ ಹಾಗೆ ಸಂಖ್ಯೆ ಬೇರೆ ಬೇರೆ ಇರಲಿ. ಆ ಸಂಖ್ಯೆಯನ್ನು ನಿಗದಿ ಮಾಡುವ ಲೆಕ್ಕ, ಅದನ್ನು ಅಳೆಯುವ ರೀತಿ, ಮೀರಿದಾಗ ತೆಗೆದುಕೊಳ್ಳುವ ಕ್ರಮ, ಇವು ಮೂರು ಎಲ್ಲರಿಗೂ ಒಂದೇ ಆಗಿರಬೇಕು. ಈಗ ನಡೆಯುತ್ತಿರುವುದು ಉಲ್ಟಾ. ಸಂಖ್ಯೆ ಯಾವುದು ಅಂತ ತೀರ್ಮಾನಿಸುವುದು ನಿಮ್ಮ ಪತ್ರದ ಮೇಲಿನ ತಾರೀಕು.

ಅದು ಹೇಗೆ ಅಂದರೆ, ಪರಿಸರ ಸಂರಕ್ಷಣಾ ನಿಯಮಗಳ ಹಳೇ ಸಾಮಾನ್ಯ ಪಟ್ಟಿಯಲ್ಲಿ ಹೊಳೆಗೆ ಬಿಡುವ ನೀರಿನ ಬಿಒಡಿ ಮಿತಿ ಲೀಟರಿಗೆ 30 ಮಿಲಿಗ್ರಾಂ. ಸಮುದ್ರಕ್ಕೆ ಬಿಟ್ಟರೆ 100, ಒಳಚರಂಡಿಗೆ ಬಿಟ್ಟರೆ 350. 2015ರಲ್ಲಿ ಎಸ್‌ಟಿಪಿಗಳಿಗೆ 10 ಮಾಡೋಣ ಅಂತ ಕೇಂದ್ರ ಒಂದು ಕರಡು ತಂದಿತು. 2017ರ ಅಕ್ಟೋಬರ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಅದು ಮಹಾನಗರಗಳಿಗೆ 20, ಉಳಿದ ಊರುಗಳಿಗೆ 30 ಅಂತ ಸಡಿಲವಾಗಿತ್ತು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ಪೀಠ ಅದನ್ನು ಒಪ್ಪದೆ, ಹಳೆಯದು ಹೊಸದು ಅನ್ನದೆ ಎಲ್ಲ ಎಸ್‌ಟಿಪಿಗೂ 10 ಅಂತ ಹೇಳಿತು. ನಾಲ್ಕು ವರ್ಷದೊಳಗೆ ಇಷ್ಟೆಲ್ಲ ಆಯಿತು. ಯಾವ ಹೊತ್ತಿಗೆ ಯಾರು ಅರ್ಜಿ ಹಾಕಿದರೋ ಆ ಹೊತ್ತಿನ ಸಂಖ್ಯೆ ಅವರ ಕೈಗೆ ಬಂತು. ನೀವು ತಡವಾಗಿ ಕಟ್ಟಿದಿರಿ, ನಿಮಗೆ 10.

ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ಬೇಕಾಗುವ ಆಮ್ಲಜನಕದ ಅಳತೆ. ನಮ್ಮಲ್ಲಿ ನೀರನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು ನೋಡುತ್ತಾರೆ. ಒಳ್ಳೆಯ ಅಳತೆಯೇ. ಆದರೆ ಅದು ಒಂದು ಲೀಟರಿನ ಕಥೆ ಮಾತ್ರ ಹೇಳುತ್ತದೆ. ಎಷ್ಟು ಲೀಟರ್ ಹರಿಯಿತು ಅಂತ ಹೇಳುವುದಿಲ್ಲ.

ನಿಮ್ಮದೇ ತೋಡಿನ ಲೆಕ್ಕ ಹಾಕೋಣ. 64 ಮನೆಯಿಂದ ದಿನಕ್ಕೆ ಸುಮಾರು 35 ಸಾವಿರ ಲೀಟರ್ ಕೊಳಚೆ ಅಂದುಕೊಳ್ಳಿ. 17ರ ಲೆಕ್ಕದಲ್ಲಿ ದಿನಕ್ಕೆ ಸುಮಾರು 600 ಗ್ರಾಂ ಬಿಒಡಿ ತೋಡಿಗೆ ಸೇರುತ್ತದೆ. ನೀವು 10 ಪಾಲಿಸಿದ್ದರೆ 350 ಗ್ರಾಂ ಸೇರುತ್ತಿತ್ತು. ಅಂದರೆ ನಿಮ್ಮ ತಪ್ಪಿನ ತೂಕ ದಿನಕ್ಕೆ ಕಾಲು ಕಿಲೋ. ಈಗ ವೆಟ್‌ವೆಲ್ ಕಡೆ ಬನ್ನಿ. ಮಳೆ ನೀರು ಬೆರೆತು ತೆಳ್ಳಗಾದ ಕೊಳಚೆಯ ಬಿಒಡಿ 100 ಅಂತ ಇಟ್ಟುಕೊಂಡರೂ, ಒಂದು ರಾತ್ರಿ 5 ಲಕ್ಷ ಲೀಟರ್ ಉಕ್ಕಿದರೆ 50 ಕಿಲೋ ಆಯಿತು. ನಿಮ್ಮ ಕಾಲು ಕಿಲೋದ 200 ಪಟ್ಟು, ಒಂದೇ ರಾತ್ರಿಯಲ್ಲಿ. ದಿನಕ್ಕೆ 2 ಕೋಟಿ ಲೀಟರ್ ಬಿಡುವ ಒಂದು ಊರಿನ ಘಟಕಕ್ಕೆ 30 ಬದಲು 10 ಅಂತ ಪಾಲಿಸಿದರೆ ಉಳಿಯುವುದು ದಿನಕ್ಕೆ 400 ಕಿಲೋ. ಯಾವುದರ ಹಿಂದೆ ಮೊದಲು ಓಡಬೇಕು ಅಂತ ಈ ಲೆಕ್ಕವೇ ಹೇಳುತ್ತದೆ. ಆದರೆ ಅನುಮತಿ ಪತ್ರಗಳಲ್ಲಿ ಮಿಲಿಗ್ರಾಂಗೆ ಇರುವ ಗೌರವ ಕಿಲೋಗೆ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೈಗಾರಿಕೆಗಳಿಗೆ ಪರಿಸರ ಪರಿಹಾರ ಹಾಕುವ ಸೂತ್ರದಲ್ಲೂ ಉಲ್ಲಂಘನೆಯ ದಿನಗಳು, ಘಟಕದ ಗಾತ್ರ, ಮಾಲಿನ್ಯ ಸೂಚ್ಯಂಕ, ಇರುವ ಜಾಗ ಇವೆಲ್ಲ ಬರುತ್ತವೆ. ಎಷ್ಟು ಕಿಲೋ ಹೊಳೆ ಸೇರಿತು ಅನ್ನುವುದು ನೇರವಾಗಿ ಬರುವುದಿಲ್ಲ.

ಇನ್ನು ತೋಡಿನ ಕಡೆಯಿಂದ ನೋಡಿ. ಬೇಸಿಗೆಯಲ್ಲಿ ಸೆಕೆಂಡಿಗೆ 50 ಲೀಟರ್ ಹರಿಯುವ ಒಂದು ತೋಡು, ಅದರದ್ದೇ ಬಿಒಡಿ 2 ಇದೆ ಅಂತಿರಲಿ. ಅದಕ್ಕೆ ದಿನಕ್ಕೆ 10 ಲಕ್ಷ ಲೀಟರ್ ನೀರನ್ನು 30ರ ಮಿತಿಯಲ್ಲಿ ಬಿಟ್ಟರೆ ತೋಡಿನ ಬಿಒಡಿ 7 ದಾಟುತ್ತದೆ. ಸ್ನಾನಕ್ಕೆ ಯೋಗ್ಯ ಅನ್ನಲು 3ರ ಒಳಗೆ ಇರಬೇಕು. 10ರ ಮಿತಿಯಲ್ಲಿ ಬಿಟ್ಟರೂ ಮೂರೂವರೆ ಆಗುತ್ತದೆ, ಸಾಲದು. ಅದೇ ತೋಡು ಜುಲೈಯಲ್ಲಿ ನೂರು ಪಟ್ಟು ಹರಿದರೆ 30ರ ನೀರು ಬಿಟ್ಟರೂ ಅಳತೆಯಲ್ಲಿ ಗೊತ್ತೇ ಆಗುವುದಿಲ್ಲ. ನಮ್ಮ ಎಷ್ಟೋ ತೋಡುಗಳು ಏಪ್ರಿಲ್‌ನಲ್ಲಿ ಬತ್ತಿಯೇ ಹೋಗುತ್ತವೆ. ಆಗ ಅಲ್ಲಿ ಹರಿಯುವುದು ನಾವು ಬಿಟ್ಟ ನೀರು ಮಾತ್ರ. ಹಾಗಿದ್ದ ಮೇಲೆ ವರ್ಷವಿಡೀ ಒಂದೇ ಸಂಖ್ಯೆ ಬರೆದು ಕೊಡುವುದರಲ್ಲಿ ಅರ್ಥ ಉಂಟಾ?

ಬೇಸಿಗೆ, ಮಳೆಗಾಲದ ಭೇದದ ಹಾಗೆಯೇ ಜಾಗದ ಭೇದವೂ ಇದೆ. ಉಪ್ಪಿನಂಗಡಿ, ಬಂಟ್ವಾಳದಲ್ಲಿ ನೇತ್ರಾವತಿಗೆ ಏನೇ ಸೇರಿದರೂ ಅದು ತುಂಬೆಯ ಕಿಂಡಿ ಅಣೆಕಟ್ಟಿಗೆ ಬರುತ್ತದೆ. ಮಂಗಳೂರು ಕುಡಿಯುವುದು ಅದನ್ನೇ. ಕೇಂದ್ರ ಮಂಡಳಿಯ ವರ್ಗೀಕರಣದಲ್ಲಿ, ಶುದ್ಧೀಕರಿಸಿ ಕುಡಿಯಲು ಬಳಸುವ ನೀರು ಸಿ ವರ್ಗಕ್ಕೆ ಬರುತ್ತದೆ. 100 ಮಿಲಿಲೀಟರಿಗೆ ಕೋಲಿಫಾರ್ಮ್ (ರೋಗಾಣು ಇರಬಹುದು ಅಂತ ಸುಳಿವು ಕೊಡುವ ಬ್ಯಾಕ್ಟೀರಿಯಾ) 5000ದ ಒಳಗೆ, ಬಿಒಡಿ 3ರ ಒಳಗೆ ಇರಬೇಕು. ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ಮೇಲ್ಗಡೆಯೂ ಇದೇ ಮಾತು. ಅಲ್ಲಿ ಮಿತಿ ಬಿಗಿಯಾಗಿರಬೇಕು. ತುಂಬೆಯ ಕೆಳಗೆ, ಉಳ್ಳಾಲ, ಬೆಂಗ್ರೆ ಕಡೆ, ಭರತ ಇಳಿತದ ಉಪ್ಪು ನೀರು ಆಡುವ ಅಳಿವೆಯಲ್ಲಿ ಬಿಒಡಿಗಿಂತ ನನಗೆ ಕೋಲಿಫಾರ್ಮ್ ಚಿಂತೆ ಜಾಸ್ತಿ. ಅಲ್ಲಿ ಜನ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುತ್ತಾರೆ. ಮರುವಾಯಿ ನೀರನ್ನು ಸೋಸಿ ತಿನ್ನುವ ಪ್ರಾಣಿ, ನೀರಿನಲ್ಲಿದ್ದ ರೋಗಾಣುವನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಬಿಒಡಿ 10ಕ್ಕೆ ಇಳಿದ ನೀರಿಗೆ ಕ್ಲೋರಿನ್ ಅಥವಾ ಯುವಿ (ನೇರಳಾತೀತ ಬೆಳಕು) ಹಾಯಿಸದಿದ್ದರೆ ಅದರಲ್ಲಿ ಕೋಲಿಫಾರ್ಮ್ ಲಕ್ಷಗಟ್ಟಲೆ ಇರಬಹುದು. ನೋಡಲು ತಿಳಿಯಾಗಿರುತ್ತದೆ, ಅಷ್ಟೇ. 2017ರ ಅಧಿಸೂಚನೆಯಲ್ಲಿ ಮಲಮೂಲದ ಕೋಲಿಫಾರ್ಮ್‌ಗೆ ಮಿತಿ 1000, ಹಸಿರು ಪೀಠ ಹೇಳಿದ್ದು ಹೆಚ್ಚೆಂದರೆ 230. ನಿಮ್ಮ ವರದಿಯಲ್ಲಿ ಆ ಸಾಲು ಇದೆಯಾ ನೋಡಿ.

ಹಾಗಾಗಿ ನಾನು ಹೇಳುವ ಕ್ರಮ ಇದು. ಮೊದಲು ಹೊಳೆಯ ಆ ಭಾಗವನ್ನು ಯಾವುದಕ್ಕೆ ಬಳಸುತ್ತೇವೆ ಅಂತ ತೀರ್ಮಾನಿಸಿ. ಬೇಸಿಗೆಯಲ್ಲಿ ಅದು ಎಷ್ಟು ಕಿಲೋ ತಾಳಿಕೊಳ್ಳುತ್ತದೆ ಅಂತ ಲೆಕ್ಕ ಹಾಕಿ. ಆಮೇಲೆ ಆ ಕಿಲೋಗಳನ್ನು ಅಪಾರ್ಟ್‌ಮೆಂಟಿಗೆ, ಮೀನು ಸಂಸ್ಕರಣಾ ಘಟಕಕ್ಕೆ, ನಗರದ ಎಸ್‌ಟಿಪಿಗೆ ಹಂಚಿ. ಅಮೆರಿಕದಲ್ಲಿ 1972ರ ಶುದ್ಧ ಜಲ ಕಾಯ್ದೆ ಬಂದಾಗಿನಿಂದ ಕೊಳವೆಯ ಮಿತಿ ಮತ್ತು ನದಿಯ ಮಿತಿ ಎರಡನ್ನೂ ನೋಡುತ್ತಾರೆ, ಎರಡರಲ್ಲಿ ಯಾವುದು ಬಿಗಿಯೋ ಅದು ಪರವಾನಗಿಗೆ ಬರುತ್ತದೆ. ಯುರೋಪ್ 2000ದಲ್ಲಿ ತನ್ನ ಜಲ ನಿರ್ದೇಶನದಲ್ಲಿ ಇದೇ ದಾರಿ ಹಿಡಿಯಿತು. ನಮ್ಮ 1974ರ ಜಲ ಕಾಯ್ದೆ ಇದಕ್ಕೆ ಅಡ್ಡಿ ಬರುವುದಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೊಳೆ ನೋಡಿ ಮಿತಿ ಹಾಕುವ ಅಧಿಕಾರ ಮೊದಲಿಂದಲೂ ಇದೆ. ಬಳಸುವುದು ಅಪರೂಪ.

ಅಳೆಯುವ ರೀತಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ 17 ಬಹುಶಃ ಒಂದು ಸಲ ಬಂದು ಒಂದು ಬಾಟಲಿ ತುಂಬಿಸಿಕೊಂಡು ಹೋದ ನೀರಿನದ್ದು. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ 7ರಿಂದ 9ರವರೆಗೆ ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಒಟ್ಟಿಗೆ. ಆಗ ಹಿಡಿದ ನೀರು ಬೇರೆ, ಮಧ್ಯಾಹ್ನ 3ಕ್ಕೆ ಹಿಡಿದ ನೀರು ಬೇರೆ. ಒಂದು ಬಾಟಲಿಯಲ್ಲಿ 10ರ ಮಿತಿ ಮೀರಿತು ಅಂತ ತೀರ್ಪು ಕೊಟ್ಟರೆ ಚೆನ್ನಾಗಿ ನಡೆಸುವವನೂ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾನೆ. ಮಂಡಳಿಯವರು ಬರುವ ದಿನ ಮಾತ್ರ ಬ್ಲೋವರ್ (ಕೊಳಚೆಗೆ ಗಾಳಿ ಊದುವ ಯಂತ್ರ) ಹಾಕುವವನು ಬಚಾವಾಗುತ್ತಾನೆ. ಅಮೆರಿಕದ ಊರಿನ ಎಸ್‌ಟಿಪಿಗಳಿಗೆ ತಿಂಗಳ ಸರಾಸರಿ 30, ವಾರದ ಸರಾಸರಿ 45 ಅಂತ ಎರಡು ಮಿತಿ. ಯುರೋಪಿನಲ್ಲಿ ವರ್ಷಕ್ಕೆ ಎಷ್ಟು ಮಾದರಿ ತೆಗೆದಿರಿ ಎಂಬುದರ ಮೇಲೆ ಎಷ್ಟು ಫೇಲ್ ಆದರೆ ಕ್ಷಮೆ ಅಂತ ಪಟ್ಟಿಯೇ ಇದೆ. ನಮ್ಮ ಸಂಖ್ಯೆ ಅವರದಕ್ಕಿಂತ ಬಿಗಿ, ಅಳತೆ ಅವರದಕ್ಕಿಂತ ಸಡಿಲ. ಕಾಗದದ ಮೇಲೆ ಶಿಸ್ತು ಜಾಸ್ತಿ ಕಾಣುತ್ತದೆ, ಅಲ್ವಾ?

ಇಲ್ಲಿ ನಿಮಗೊಂದು ಉಪಯೋಗದ ಮಾತು. ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲಬೇಕಾದ ಮಾದರಿ ತೆಗೆಯುವಾಗ ಮೊದಲು ನಿಮಗೆ ತಿಳಿಸಬೇಕು. ನೀವು ಕೇಳಿದರೆ ನಿಮ್ಮೆದುರೇ ಅದನ್ನು ಎರಡು ಭಾಗ ಮಾಡಿ, ಸೀಲ್ ಹಾಕಿ, ಎರಡೂ ಕಡೆಯವರು ಸಹಿ ಮಾಡಬೇಕು. ಸುಮ್ನೆ ತಪಾಸಣೆಗೆ ತೆಗೆಯುವ ಮಾದರಿಗೆ ಈ ವಿಧಿ ಬೇಕಿಲ್ಲ. ನಿಮ್ಮದು ಯಾವ ಥರದ ಮಾದರಿ, ಯಾವ ಹೊತ್ತಿಗೆ ತೆಗೆದದ್ದು, ಐಸ್‌ನಲ್ಲಿಟ್ಟು ಯಾವಾಗ ಲ್ಯಾಬಿಗೆ ಮುಟ್ಟಿಸಿದ್ದು ಅಂತ ಕೇಳುವ ಹಕ್ಕು ನಿಮಗಿದೆ. ಜಗಳಕ್ಕಲ್ಲ, ಮುಂದಿನ ಸಲ ನೀವೂ ಅದೇ ಹೊತ್ತಿಗೆ ತೆಗೆದು ಹೋಲಿಸಲಿಕ್ಕೆ.

ವೆಟ್‌ವೆಲ್ ವಿಷಯ ಸ್ವಲ್ಪ ಕಷ್ಟದ್ದು. ಜಲ ಕಾಯ್ದೆ ಖಾಸಗಿ, ಸರ್ಕಾರಿ ಅಂತ ಭೇದ ಮಾಡುವುದಿಲ್ಲ. 33ಎ ಸೆಕ್ಷನ್ನಿನಡಿ ಮಂಡಳಿ ಒಂದು ಘಟಕದ ವಿದ್ಯುತ್, ನೀರು ಕಡಿತ ಮಾಡಿಸಬಹುದು. ನಿಮಗೆ ಹಾಗೆ ಮಾಡಬಹುದು. ವೆಟ್‌ವೆಲ್‌ಗೆ ಮಾಡಿದರೆ ಪಂಪ್ ನಿಂತು ಇನ್ನೂ ಜಾಸ್ತಿ ಉಕ್ಕುತ್ತದೆ! ಹಾಗಾಗಿ ಸ್ಥಳೀಯ ಸಂಸ್ಥೆಗಳ ಮೇಲೆ ಈ ಅಸ್ತ್ರ ಓಡುವುದಿಲ್ಲ, ಬದಲಿಗೆ ಪತ್ರ ವ್ಯವಹಾರ ಓಡುತ್ತದೆ. 2019ರ ಆಗಸ್ಟ್‌ನಲ್ಲಿ ಹಸಿರು ಪೀಠ, ಶುದ್ಧೀಕರಿಸದ ಕೊಳಚೆ ಹರಿಯುವ ಒಂದೊಂದು ಚರಂಡಿಗೆ ತಿಂಗಳಿಗೆ 5 ಲಕ್ಷ ರೂಪಾಯಿ ಪರಿಹಾರ ಅಂತ ಹೇಳಿತು. ದುಡ್ಡು ಸರ್ಕಾರದ ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋಗುತ್ತದೆ, ಪಂಪ್ ಹಾಗೆಯೇ ಇರುತ್ತದೆ. ನನ್ನ ಕೇಳಿದರೆ, ದಂಡದ ಮೊತ್ತವನ್ನು ಅದೇ ವೆಟ್‌ವೆಲ್‌ನ ಎರಡನೇ ಪಂಪ್ ಮತ್ತು ಜನರೇಟರಿಗೆ ಕಟ್ಟಿಹಾಕಬೇಕು. ಯಾವ ದಿನ ಎಷ್ಟು ಗಂಟೆ ಉಕ್ಕಿತು ಅಂತ ಅಲ್ಲೇ ಗೇಟಿನ ಮೇಲೆ ಬರೆಯಬೇಕು.

ಉಕ್ಕುವುದಕ್ಕೆ ನಮ್ಮ ಪಾಲೂ ಇದೆ. ಮಳೆಗಾಲದಲ್ಲಿ ಅಂಗಳದಲ್ಲಿ ನೀರು ನಿಂತರೆ ಚೇಂಬರಿನ ಮುಚ್ಚಳ ಎತ್ತಿ ಒಳಚರಂಡಿಗೆ ಬಿಡುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಮಾಡಿನ ನೀರಿನ ಪೈಪನ್ನೇ ಅದಕ್ಕೆ ಸೇರಿಸಿದವರೂ ಇದ್ದಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುವ ಊರಿನಲ್ಲಿ ಯಾವ ವೆಟ್‌ವೆಲ್ ಇದನ್ನು ತಾಳಿಕೊಳ್ಳುತ್ತದೆ?

ಇದೇ ಮಳೆಯಿಂದ ನಿಮಗೊಂದು ಬೇರೆ ತೊಂದರೆ ಇರಬಹುದು. ನಮ್ಮ ರಾಜ್ಯದಲ್ಲಿ ಎಷ್ಟೋ ಅಪಾರ್ಟ್‌ಮೆಂಟುಗಳ ಅನುಮತಿ ಪತ್ರದಲ್ಲಿ, ಶುದ್ಧೀಕರಿಸಿದ ನೀರನ್ನು ಫ್ಲಶ್‌ಗೆ ಮತ್ತು ತೋಟಕ್ಕೆ ಬಳಸಬೇಕು, ಹೊರಗೆ ಬಿಡಲೇಬಾರದು ಅಂತ ಷರತ್ತು ಇರುತ್ತದೆ. ಒಣ ಊರಿಗೆ ಅದು ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಯಾವ ತೋಟಕ್ಕೆ ನೀರು ಬೇಕು? ಎಲ್ಲಿಗೆ ಬಿಡಬೇಕು ಅಂತ ಪತ್ರ ಹೇಳುವುದಿಲ್ಲ, ಜನ ರಾತ್ರಿ ತೋಡಿಗೆ ಬಿಡುತ್ತಾರೆ. ನಿಮ್ಮ ಪತ್ರದಲ್ಲಿ ಆ ಷರತ್ತು ಇದ್ದರೆ, ಬಿಒಡಿ 5 ಇದ್ದರೂ ತೋಡಿಗೆ ಬಿಡುವುದು ಉಲ್ಲಂಘನೆಯೇ. ಉತ್ತರ ಬರೆಯುವ ಮೊದಲು ಆ ಪುಟ ಓದಿ. ಅನುಮತಿ ಕೊಡುವ, ನಿರಾಕರಿಸುವ, ರದ್ದು ಮಾಡುವ ವಿಧಾನಕ್ಕೆ 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ಮಾರ್ಗಸೂಚಿ ತಂದಿದೆ. ಅದರಿಂದ ಕಾಗದದ ದಾರಿ ಒಂದೇ ಆದೀತು. ಮಳೆಗಾಲದ ಪ್ರಶ್ನೆಗೆ ಉತ್ತರವನ್ನು ನಾವೇ ಇಲ್ಲಿ ಬರೆಯಬೇಕು.

ಈಗ ಬಾವಿ. ನಿಮ್ಮ ಪ್ರಶ್ನೆಯಲ್ಲಿ ಅದು ಕೊನೆಯ ಸಾಲು, ನನಗೆ ಅದೇ ಮುಖ್ಯ. ವಾಸನೆಗೆ ತೋಡೇ ಕಾರಣ ಅಂತ ತೀರ್ಮಾನಿಸಬೇಡಿ. ನಮ್ಮ ಮುರಕಲ್ಲು ತೂತು ತೂತು. ಮೇಲೆ ಸುರಿದ ನೀರು ಬಹಳ ಬೇಗ ಕೆಳಗೆ ಇಳಿಯುತ್ತದೆ, ಮಣ್ಣಿನಲ್ಲಿ ನಿಧಾನವಾಗಿ ಸೋಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗಿಸುವ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ 18 ಮೀಟರ್ ಅಂತರ ಇರಬೇಕು ಅಂತ ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನದಂಡ ಹೇಳುತ್ತದೆ. ಐದು ಸೆಂಟ್ಸ್ ಜಾಗ ತೆಗೆದುಕೊಳ್ಳಿ. ಅದು 200 ಚದರ ಮೀಟರ್‌ಗಿಂತ ಚೂರು ಜಾಸ್ತಿ. ಚೌಕವಾಗಿದ್ದರೆ ಬದಿ 14 ಮೀಟರ್, ಮೂಲೆಯಿಂದ ಮೂಲೆಗೆ 20. ಬಾವಿ ಈ ಮೂಲೆಗೆ, ಗುಂಡಿ ಆ ಮೂಲೆಗೆ ಇಟ್ಟರೆ ನಿಮ್ಮ ಬಾವಿ ಮಟ್ಟಿಗೆ ಹೇಗೋ ಪಾಸ್. ಆದರೆ ಆ ಗುಂಡಿ ಹಿಂದಿನ ಮನೆಯ ಬಾವಿಗೆ ನಾಲ್ಕೇ ಮೀಟರ್ ದೂರದಲ್ಲಿ ಇರಬಹುದು. ಕಟ್ಟಡದ ನಕ್ಷೆ ಮಂಜೂರು ಮಾಡುವಾಗ ಪಕ್ಕದ ಜಾಗದ ಬಾವಿ ಎಲ್ಲಿದೆ ಅಂತ ತೋರಿಸುವ ಒಂದು ಚುಕ್ಕೆ ಇಟ್ಟರೆ ಸಾಕು, ಅರ್ಧ ಜಗಳ ಮುಗಿಯುತ್ತದೆ.

ತಮಾಷೆ ಅಂದರೆ, ಕಾಯ್ದೆಯಲ್ಲಿ ನೆಲದಡಿಯ ನೀರೂ ಹೊಳೆ ಇದ್ದ ಹಾಗೆಯೇ. ಹೊಳೆ, ಸಮುದ್ರ, ಭೂಜಲ ಎಲ್ಲವನ್ನೂ ಒಂದೇ ವ್ಯಾಖ್ಯೆಯಲ್ಲಿ ಸೇರಿಸಿದ್ದಾರೆ. ಆದರೂ ನಿಮ್ಮ ಎಸ್‌ಟಿಪಿಗೆ ಮಿತಿ ಇದೆ, ಸಾವಿರಾರು ಇಂಗುಗುಂಡಿಗಳಿಗೆ ಯಾವ ಲೆಕ್ಕವೂ ಇಲ್ಲ. ಟ್ಯಾಂಕ್ ಖಾಲಿ ಮಾಡುವ ಸಕ್ಕಿಂಗ್ ಗಾಡಿ ಅದನ್ನು ಎಲ್ಲಿ ಸುರಿಯಿತು ಅನ್ನುವುದಕ್ಕೂ ರಸೀದಿ ಇಲ್ಲ. ಉಡುಪಿಯಲ್ಲಿ ಇಂದ್ರಾಣಿ ಹೊಳೆಯ ಬದಿಯವರು ಬಾವಿ ಕೆಟ್ಟಿತು ಅಂತ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಅಂಥ ಕಡೆ ಎಸ್‌ಟಿಪಿ, ಚರಂಡಿ, ಗುಂಡಿ ಮೂರನ್ನೂ ಒಟ್ಟಿಗೆ ಅಳೆಯದಿದ್ದರೆ ಯಾರ ಪಾಲು ಎಷ್ಟು ಅಂತ ಎಂದಿಗೂ ಗೊತ್ತಾಗುವುದಿಲ್ಲ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್‌ನಲ್ಲಿ ಕಸದ ರಾಶಿ ಪಕ್ಕದ ಮಂದಾರ ಎಂಬ ಜಾಗದ ಮೇಲೆ ಜಾರಿ ಬಂದಾಗಲೂ ಕೊಳೆ ನೀರು ತೋಡು, ಬಾವಿ, ಫಲ್ಗುಣಿ ಹೊಳೆ ಅಂತ ಇಲಾಖೆಗಳ ಗಡಿ ನೋಡಿಕೊಂಡು ಹರಿಯಲಿಲ್ಲ.

ನೀವು ಈಗ ಮಾಡಬಹುದಾದದ್ದು. ಮೊದಲು ಬಾವಿಗಳಿಂದ ಶುರು ಮಾಡಿ. ಗ್ರಾಮ ಪಂಚಾಯಿತಿಗಳಲ್ಲಿ ಬಳಸುವ ಎಚ್2ಎಸ್ ಬಾಟಲಿ ಅಗ್ಗಕ್ಕೆ ಸಿಗುತ್ತದೆ. ಬಾವಿ ನೀರು ಗೆರೆಯವರೆಗೆ ತುಂಬಿಸಿ ಇಟ್ಟರೆ ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕಿನ ಅನುಮಾನ. ಕಪ್ಪಾದ ಬಾವಿಗಳ ನೀರನ್ನು ಲ್ಯಾಬಿಗೆ ಕೊಟ್ಟು ಇ-ಕೋಲಿ, ನೈಟ್ರೇಟ್, ಕ್ಲೋರೈಡ್ ಮೂರು ಮಾಡಿಸಿ. ಕುಡಿಯುವ ನೀರಿನಲ್ಲಿ ಇ-ಕೋಲಿ ಇರಲೇಬಾರದು, ನೈಟ್ರೇಟ್ 45 ದಾಟಬಾರದು. ಅಲ್ಲಿಯವರೆಗೆ ಕುದಿಸಿ ಕುಡಿಯಲು ಹೇಳಿ. ಬಾವಿಗಳನ್ನು ಒಂದು ಕಾಗದದ ಮೇಲೆ ಗುರುತಿಸಿ. ಕೆಟ್ಟದ್ದು ತೋಡಿನ ಉದ್ದಕ್ಕೂ ಇದ್ದರೆ ಒಂದು ಅರ್ಥ, ಗುಂಡಿಗಳ ಹತ್ತಿರ ಮಾತ್ರ ಇದ್ದರೆ ಇನ್ನೊಂದು ಅರ್ಥ.

ನಿಮ್ಮ 17 ಇಳಿಸುವುದು ಕಷ್ಟವಲ್ಲ. ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸುತ್ತಿದ್ದೀರಾ, ಹೆಚ್ಚಾದ ಸ್ಲಡ್ಜ್ (ತಳದ ಕೆಸರು) ತೆಗೆಸಿ ಎಷ್ಟು ತಿಂಗಳಾಯಿತು, ಫಿಲ್ಟರ್ ಬ್ಯಾಕ್‌ವಾಶ್ ಆಗುತ್ತಿದೆಯಾ, ಈ ಮೂರನ್ನು ನೋಡಿದರೆ ಬಹುಪಾಲು ಕಡೆ ಕಾರಣ ಸಿಗುತ್ತದೆ. ನೋಟಿಸಿಗೆ ಬರೆಯುವ ಉತ್ತರದಲ್ಲಿ ಪಕ್ಕದ ಕಟ್ಟಡದ 30 ಎತ್ತಬೇಡಿ, ಅದರಿಂದ ನಿಮಗೆ ಲಾಭವಿಲ್ಲ. ಏನು ಸರಿ ಮಾಡಿದಿರಿ, ಯಾವ ತಾರೀಕಿನೊಳಗೆ, ಅಂತಷ್ಟೇ ಬರೆಯಿರಿ. ವೆಟ್‌ವೆಲ್‌ಗೆ ಬೇರೆಯೇ ಮಾಹಿತಿ ಹಕ್ಕು ಅರ್ಜಿ ಹಾಕಿ: ಕಳೆದ ಮಳೆಗಾಲದ ಪಂಪ್ ಓಡಿಸಿದ ದಾಖಲೆ, ಜನರೇಟರಿನ ಡೀಸೆಲ್ ಪುಸ್ತಕ, ಉಕ್ಕಿದ ದಿನಗಳ ವಿವರ. 30 ದಿನದಲ್ಲಿ ಉತ್ತರ ಬರಬೇಕು. ಅಷ್ಟರಲ್ಲಿ ತೋಡಿನ ನೀರನ್ನು ವೆಟ್‌ವೆಲ್‌ನ ಮೇಲೆ ಒಂದು, ವೆಟ್‌ವೆಲ್‌ಗೂ ನಿಮಗೂ ನಡುವೆ ಒಂದು, ನಿಮ್ಮ ಕೆಳಗೆ ಒಂದು, ಹೀಗೆ ಒಂದೇ ಬೆಳಿಗ್ಗೆ ಮೂರು ಕಡೆ ತೆಗೆಸಿ ಪರೀಕ್ಷೆ ಮಾಡಿಸಿ. ಮಳೆ ಶುರುವಾದ ಮೇಲೆ ಇನ್ನೊಮ್ಮೆ. ಆ ವರದಿಗಳನ್ನು ವಾರ್ಡ್ ಸಮಿತಿಯ ಸಭೆಗೂ ಮಂಡಳಿಯ ಪ್ರಾದೇಶಿಕ ಕಚೇರಿಗೂ ಒಂದೇ ದಿನ ಕೊಟ್ಟು, ಎರಡೂ ಕಡೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.